ಮಳೆ ಬಂತಾ ಅಲ್ಲಿ?

ಹನ್ನೊಂದೂವರೆ ಆಯಿತೆಂದರೆ ಈ ಕೆಫೆ ಮಲಗುತ್ತದೆ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಮಲಗುತ್ತದೆ. ಗಲ್ಲಾದ ಹುಡುಗ ಮೂರು ಕುರ್ಚಿ ಜೋಡಿಸಿಕೊಂಡು ಉದ್ದಕ್ಕೆ ಬೀಳುತ್ತಾನೆ. ಗೇಟಿನ ಹತ್ತಿರ ಬೈಕ್ ಕಾಯುವ ತಾತ ಯಾರದೋ ಸ್ಕೂಟರಿನ ಸೀಟಿನ ಮೇಲೆ ಬೆನ್ನು ಚಾಚಿ, ಟೋಪಿಯನ್ನು ಮುಖಕ್ಕೆ ಎಳೆದುಕೊಳ್ಳುತ್ತಾರೆ. ಹಲಸಿನ ಮರಕ್ಕೂ ಕಬ್ಬಿಣದ ಕಂಬಕ್ಕೂ ಕಟ್ಟಿದ ಜೋಲಿಯಲ್ಲಿ ಕೆಫೆಯ ಒಡತಿ. ಅವರ ಕೆಳಗೆ ನಾಯಿ. ಎದ್ದಿರುವುದು ಕೊಳದ ಮೀನುಗಳು ಮತ್ತು ನಾನು.

ನನ್ನ ದಿನದ ಮೊದಲ ಮೀಟಿಂಗ್ ಶುರುವಾಗುವುದು ಸರಿಯಾಗಿ ಆಗಲೇ. ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ ಮುಂದೆ. ಬೆಂಗಳೂರಲ್ಲಿ ಹತ್ತಕ್ಕೆ ಎಲ್ಲರೂ ಕಾಫಿ ಕಪ್ ಹಿಡಿದು ಕ್ಯಾಮೆರಾ ಆನ್ ಮಾಡುವಾಗ, ಇಲ್ಲಿ ಇಡೀ ಊರು ಮಧ್ಯಾಹ್ನದ ನಿದ್ದೆಗೆ ಜಾರುತ್ತಿರುತ್ತದೆ. ಮೊದಲ ದಿನ ಗೊತ್ತಿರಲಿಲ್ಲ. 'ಗುಡ್ ಮಾರ್ನಿಂಗ್' ಅಂತ ಜೋರಾಗಿ ಅಂದುಬಿಟ್ಟೆ. ಜೋಲಿ ಒಮ್ಮೆ ಅಲುಗಿತು. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದಕ್ಕೇ ಜಾಸ್ತಿ ನಾಚಿಕೆಯಾಯಿತು. ಅಂದಿನಿಂದ ಮೀಟಿಂಗಿಗೆ ನಾನು ಅಂಗಳದ ಕೊನೆಗೆ, ಮೀನಿನ ಕೊಳದ ಪಕ್ಕಕ್ಕೆ ಹೋಗುತ್ತೇನೆ. ಅಲ್ಲಿ ಸಿಮೆಂಟಿನ ಸಣ್ಣ ಜಲಪಾತ ಒಂದಿದೆ. ಅದರ ಸದ್ದಿನಲ್ಲಿ ನನ್ನ ಪಿಸುಮಾತು ಮುಚ್ಚಿಹೋಗುತ್ತದೆ. ಬೆಂಗಳೂರಿನವರಿಗೆ ಮಾತ್ರ ನಾನು ದಿನಾ ಯಾವುದೋ ಬಚ್ಚಲಿನಿಂದ ಮಾತಾಡಿದ ಹಾಗೆ ಕೇಳಿಸುತ್ತದಂತೆ.

ಊರು ಬುಒನ್ ಮಾ ಥುಒಟ್. ದಾನಾಂಗ್ ಅಲ್ಲ, ಹನೋಯ್ ಅಲ್ಲ. ಲ್ಯಾಪ್‌ಟಾಪ್ ಹೊತ್ತ ಹೊರದೇಶದವರು ಸಾಮಾನ್ಯವಾಗಿ ಸಮುದ್ರದ ಪಕ್ಕ ಹೋಗುತ್ತಾರೆ. ನಾನು ಸೈಗಾನ್‌ನಿಂದ ಸ್ಲೀಪರ್ ಬಸ್ಸಿನಲ್ಲಿ, ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು, ರಾತ್ರಿಯಿಡೀ ಸುಮಾರು 350 ಕಿಲೋಮೀಟರ್ ಒಳನಾಡಿಗೆ ಬಂದೆ. ಇದು ಡಾಕ್ ಲಾಕ್ ಪ್ರಾಂತ್ಯ. ಕೆಂಪು ಮಣ್ಣಿನ ಎತ್ತರದ ಬಯಲು. ವಿಯೆಟ್ನಾಂ ಕಾಫಿಯ ರಾಜಧಾನಿ. ಈ ಒಂದು ಪ್ರಾಂತ್ಯ ಇಡೀ ಭಾರತಕ್ಕಿಂತ ಜಾಸ್ತಿ ಕಾಫಿ ಬೆಳೆಯುತ್ತದೆ.

ಯಾಕೆ ಇಲ್ಲಿಗೇ ಬಂದೆ ಅಂದರೆ, ಅದಕ್ಕೆ ಅಪ್ಪ ಕಾರಣ.

ನಮ್ಮದು ಮೂಡಿಗೆರೆ ಹತ್ತಿರದ ಊರು. ಎಂಟು ಎಕರೆ ತೋಟ, ಹೆಚ್ಚು ಕಡಿಮೆ ಎಲ್ಲ ರೋಬಸ್ಟಾ ಕಾಫಿ. ಬೇರೆ ಮಕ್ಕಳಿಗೆ ವಿಯೆಟ್ನಾಂ ಅಂದರೆ ಅಮೆರಿಕದ ಯುದ್ಧ. ನನಗೆ ಅದು ಅಪ್ಪನ ಸೈಕಲ್ ಮಾತು. 2001ರಲ್ಲಿ ನಾನು ಐದನೇ ಕ್ಲಾಸು. ಆ ಕೊಯ್ಲು ಮುಗಿದ ಮೇಲೆ ಸೈಕಲ್ ಕೊಡಿಸುವ ಮಾತಾಗಿತ್ತು. ಆ ವರ್ಷ ಕಾಫಿ ದರ ಪಾತಾಳಕ್ಕೆ ಇಳಿಯಿತು. ಕೊಯ್ಲಿನ ಕೂಲಿಗೂ ಸಾಲದಷ್ಟು. ತೋಟದ ಕೆಳಗಿನ ಪಟ್ಟೆಯ ಹಣ್ಣನ್ನು ಅಪ್ಪ ಗಿಡದಲ್ಲೇ ಒಣಗಲು ಬಿಟ್ಟಿದ್ದರು. ಸೈಕಲ್ ಎಲ್ಲಿ ಅಂತ ಕೇಳಿದ್ದಕ್ಕೆ, 'ನಿನ್ನ ಸೈಕಲ್ ವಿಯೆಟ್ನಾಂನವರು ತಿಂದರು ಮಗಾ' ಅಂದರು. ನಾನು ಬಹಳ ದಿನ ಅದನ್ನು ಹಾಗೇ ನಂಬಿದ್ದೆ. ಗ್ಲೋಬಿನಲ್ಲಿ ಆ ಉದ್ದನೆಯ ದೇಶ ಹುಡುಕಿ, ಅದರ ಮೇಲೆ ಪೆನ್ನಿನಿಂದ ಗೀಚಿದ್ದೂ ನೆನಪಿದೆ.

ಅಪ್ಪ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಈ ದೇಶಕ್ಕೆ ಕಾಫಿ ಬಂದದ್ದು 1857ರಲ್ಲಿ, ಫ್ರೆಂಚ್ ಪಾದ್ರಿಗಳ ಕೈಯಲ್ಲಿ. ಆದರೆ ತುಂಬಾ ಕಾಲ ಅದು ಸಣ್ಣ ಬೆಳೆಯೇ. 1986ರಲ್ಲಿ ಸರ್ಕಾರ ಆರ್ಥಿಕತೆಯ ಬಾಗಿಲು ತೆರೆಯಿತು. ಜನ ಈ ಕೆಂಪು ಮಣ್ಣಿಗೆ ಗುಳೆ ಬಂದು ರೋಬಸ್ಟಾ ನೆಟ್ಟರು. 2000ದ ಹೊತ್ತಿಗೆ ವಿಯೆಟ್ನಾಂ ಕೊಲಂಬಿಯಾವನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಎರಡನೇ ಸ್ಥಾನಕ್ಕೆ ಬಂದಿತ್ತು. ಅಷ್ಟು ಕಾಫಿ ಒಟ್ಟಿಗೆ ಮಾರುಕಟ್ಟೆಗೆ ಬಿದ್ದರೆ ಏನಾಗುತ್ತದೆ? ಮೂಡಿಗೆರೆಯ ಒಬ್ಬ ಹುಡುಗಿಗೆ ಸೈಕಲ್ ಸಿಗುವುದಿಲ್ಲ. ಆಮೇಲೆ ಒಳ್ಳೆಮೆಣಸಿನ ಸರದಿ. ಅದರಲ್ಲೂ ಇವರೇ ಜಗತ್ತಿಗೆ ಮೊದಲಿಗರು. 2017ರ ಸುಮಾರಿಗೆ ಮೆಣಸಿನ ದರ ಬಿದ್ದಾಗ ಅಪ್ಪನಿಗೆ ಹಳೇ ಸಿಟ್ಟು ಹೊಸದಾಯಿತು.

ಹಾಗಾಗಿ ನಮ್ಮ ಮನೆಯಲ್ಲಿ ವಿಯೆಟ್ನಾಂ ಹವಾಮಾನ ಅಂದರೆ ಮನೆ ಮಾತು. ಅಲ್ಲಿ ಬರ ಬಂದರೆ ನಮ್ಮಲ್ಲಿ ದರ. ಅಲ್ಲಿ ಮಳೆಯಾದರೆ ನಮ್ಮಲ್ಲಿ ನಿಟ್ಟುಸಿರು. 2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಿದ್ದು ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಮೂಟೆಗೆ 10,000 ರೂಪಾಯಿ ದಾಟಿತಲ್ಲ, ಆಗ ಅಪ್ಪ ಮೊದಲ ಸಲ ವಿಯೆಟ್ನಾಂ ಬಗ್ಗೆ 'ಪಾಪ' ಅಂದರು. ದುಃಖಕ್ಕಿಂತ ಖುಷಿ ಜಾಸ್ತಿ ಇತ್ತು ಆ ಪಾಪದಲ್ಲಿ.

ಆಫೀಸಿನಲ್ಲಿ ಮೂರು ತಿಂಗಳು ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಅಂದಾಗ, 90 ದಿನದ ಇ-ವೀಸಾ ತೆಗೆದುಕೊಂಡು ನಾನು ಸೀದಾ ಶತ್ರುವಿನ ಮನೆಗೇ ಬಂದೆ. ನನ್ನ ಕೆಲಸ ಸಾಫ್ಟ್‌ವೇರಿಗೆ ಕೈಪಿಡಿ ಬರೆಯುವುದು. 'ಸೇವ್ ಬಟನ್ ಒತ್ತಿದರೆ ಸೇವ್ ಆಗುತ್ತದೆ' ಎನ್ನುವುದನ್ನು ನಾಲ್ಕು ಪುಟ ಬರೆಯುವ ಕೆಲಸ. ಅದಕ್ಕೆ ಬೇಕಾದದ್ದು ಮೂರೇ: ವೈಫೈ, ಪ್ಲಗ್ಗು, ಕಾಫಿ.

ವೈಫೈ ಇಲ್ಲಿ ಬಹಳ ಚೆನ್ನಾಗಿದೆ. ಪಾಸ್‌ವರ್ಡ್ ಎಂಟು ಸಲ ಎಂಟು. ಪಕ್ಕದ ಬೀದಿಯ ಕೆಫೆಯಲ್ಲೂ ಎಂಟು ಸಲ ಎಂಟೇ. ಕೆಲವು ದಿನ ಮಾತ್ರ ದೇಶದೊಳಗಿನ ಎಲ್ಲ ವೆಬ್‌ಸೈಟೂ ಹಾರುತ್ತವೆ, ಬೆಂಗಳೂರಿನ ಸರ್ವರ್ ತೆವಳುತ್ತದೆ. ಸಮುದ್ರದ ತಳದ ಕೇಬಲ್ ಎಲ್ಲೋ ಕೆಟ್ಟಿದೆ ಅಂತ ಅರ್ಥ. 'ಶಾರ್ಕ್ ಕಚ್ಚಿತು' ಅನ್ನುವುದು ಇಲ್ಲಿಯವರ ಹಳೇ ಜೋಕು. ಗಲ್ಲಾದ ಹುಡುಗ ಎರಡು ಕೈ ಬಾಯಿಯಂತೆ ಮಾಡಿ ಕಚ್ಚಿ ತೋರಿಸುತ್ತಾನೆ. ನಾನು ಟೀಮಿನ ಚಾಟ್‌ನಲ್ಲಿ 'ಇವತ್ತು ಶಾರ್ಕ್' ಅಂತ ಹಾಕುತ್ತೇನೆ. ರಜಾ ಚೀಟಿಗೆ ಇಷ್ಟು ಒಳ್ಳೆಯ ಕಾರಣ ನನಗೆ ಇದುವರೆಗೆ ಸಿಕ್ಕಿರಲಿಲ್ಲ.

ಪ್ಲಗ್ಗಿನದು ಬೇರೆ ಕತೆ. ನಮ್ಮ ಮೂರು ಕಾಲಿನ ಲ್ಯಾಪ್‌ಟಾಪ್ ಪ್ಲಗ್ಗು ಇಲ್ಲಿಯ ಗೋಡೆಗೆ ಸೇರುವುದೇ ಇಲ್ಲ. ಮೊಬೈಲ್ ಚಾರ್ಜರಿನ ಎರಡು ದುಂಡು ಕಾಲು ಮಾತ್ರ ಸರಿಯಾಗಿ ಕೂರುತ್ತವೆ. ಮೊದಲ ದಿನ ಬ್ಯಾಟರಿ ಶೇಕಡಾ ಹನ್ನೊಂದಕ್ಕೆ ಇಳಿದಾಗ ಒಡತಿಯೇ ಒಳಗೆ ಹೋಗಿ, ರೈಸ್ ಕುಕ್ಕರ್ ಪ್ಲಗ್ಗು ಕಿತ್ತು, ಅದಕ್ಕೆ ಸಿಕ್ಕಿಸಿದ್ದ ಅಡಾಪ್ಟರ್ ತಂದುಕೊಟ್ಟರು. ಅವತ್ತು ಅವರ ಮನೆಯ ಅನ್ನ ತಡವಾಗಿರಬೇಕು.

ಇನ್ನು ಕೆಫೆ. ಇಂಥ ಜಾಗಕ್ಕೆ ಇಲ್ಲಿ 'ಕಾಫೆ ಸನ್ ವೂನ್' ಅನ್ನುತ್ತಾರೆ. ಅಂಗಳ ಮತ್ತು ತೋಟದ ಕಾಫಿ ಅಂಗಡಿ ಅಂತ. ಒಳಗೆ ಬಂದರೆ ನಮ್ಮ ಕಡೆಯ ದೊಡ್ಡ ಮನೆಯೊಂದರ ಹಿತ್ತಿಲಿಗೆ ಯಾರೋ ಕುರ್ಚಿ ಮೇಜು ಹಾಕಿದ ಹಾಗಿದೆ. ಎರಡು ಹಲಸು, ಒಂದು ಮಾವು, ಬೇಲಿಗೆ ಸಾಲಾಗಿ ಅಡಿಕೆ. ಅಡಿಕೆ ಮರದ ಬುಡಕ್ಕೆ ವೀಳ್ಯದ ಬಳ್ಳಿ. ಇವರಿಗೂ ಮದುವೆ ಮಾತು ಎಲೆ ಅಡಿಕೆ ಇಟ್ಟೇ ಶುರು. ಗೇಟಿನ ಮೇಲೆ ಕಡುಗೆಂಪು ಬೋಗನ್‌ವಿಲ್ಲಾ. ಇದಕ್ಕೇನು ಹೆಸರು ಅಂತ ಕೇಳಿದೆ. 'ಹ್ವಾ ಝಾಯ್' ಅಂದರು. ಹ್ವಾ ಅಂದರೆ ಹೂವು, ಝಾಯ್ ಅಂದರೆ ಕಾಗದ. ಕಾಗದದ ಹೂವು! ನಾವೂ ಅದನ್ನೇ ಅನ್ನುತ್ತೇವೆ ಅಂತ ಅವರಿಗೆ ತಿಳಿಸಲು ಒಂದು ಬಿಲ್ ಚೀಟಿ ಹರಿದು, ಹೂವಿಗೆ ಅಂಟಿಸಿ, ನಮ್ಮೂರ ಕಡೆ ಕೈ ತೋರಿಸಿದೆ. ಅವರಿಗೆ ಏನು ಅರ್ಥವಾಯಿತೋ, ಇನ್ನೊಂದು ಬಿಲ್ ತಂದುಕೊಟ್ಟರು.

ಒಡತಿಯನ್ನು ನಾನು 'ಕೋ' ಅನ್ನುತ್ತೇನೆ. ಅಂದರೆ ಅತ್ತೆ, ಚಿಕ್ಕಮ್ಮನ ಹಾಗೆ. ಇಲ್ಲಿ 'ನಾನು, ನೀನು' ಅನ್ನುವುದೇ ಕಡಿಮೆ. ಎದುರಿನವರು ಅಕ್ಕನೋ ತಂಗಿಯೋ ಮಾವನೋ ಅಂತ ಗೊತ್ತಾಗದೆ ಬಾಯಿ ಬಿಡಲು ಆಗುವುದಿಲ್ಲ. ಅದಕ್ಕೇ ಪರಿಚಯವಾದ ಎರಡನೇ ನಿಮಿಷಕ್ಕೆ ವಯಸ್ಸು ಕೇಳುತ್ತಾರೆ. ನನಗೆ ಮೂವತ್ತನಾಲ್ಕು ಅಂದಾಗ ಗಲ್ಲಾದ ಹುಡುಗ 'ಚಿ' ಅಂದ, ಅಕ್ಕ. ಕೋ ನನ್ನನ್ನು 'ಕೊನ್' ಅಂದರು, ಮಗಳು. ಸಂಬಂಧದ ಹೆಸರಿಗೆ 'ಓಯ್' ಸೇರಿಸಿದರೆ ಕರೆದಂತೆ. ಕೋ ಓಯ್! ಚಿ ಓಯ್! ನಮ್ಮ ತೋಟದಲ್ಲಿ ಈ ಪಟ್ಟೆಯಿಂದ ಆ ಪಟ್ಟೆಗೆ ಕೂಗುವಾಗಲೂ ಓಯ್ ಅಂತಲೇ ಅಲ್ವಾ? ಮೊದಲ ವಾರ ಪ್ರತಿ ಓಯ್‌ಗೂ ನಾನು ತಿರುಗಿ ನೋಡುತ್ತಿದ್ದೆ.

ಮತ್ತೆ ಕಾಫಿ. ತುಂಬ ದಿನ ಅಪ್ಪನಿಗೆ ಹೇಳಿರಲಿಲ್ಲ, ನನಗೆ ಇದು ಇಷ್ಟವಾಯಿತು ಅಂತ.

ಗಾಜಿನ ಲೋಟದ ತಳದಲ್ಲಿ ಎರಡು ಬೆರಳು ಮಿಲ್ಕ್‌ಮೇಡ್‌ನಂಥ ಗಟ್ಟಿ ಹಾಲು. ಮೇಲೆ 'ಫಿನ್' ಅನ್ನುವ ಅಲ್ಯೂಮಿನಿಯಂ ಬಟ್ಟಲು. ಬಟ್ಟಲ ತಳದಲ್ಲಿ ತೂತು, ಒಳಗೆ ಪುಡಿ, ಪುಡಿಯ ಮೇಲೆ ಒತ್ತು ಬಿಲ್ಲೆ. ಬಿಸಿ ನೀರು ಹಾಕಿ ಮುಚ್ಚಿದರೆ ಹನಿ ಹನಿಯಾಗಿ ಇಳಿಯುತ್ತದೆ. ನಾಲ್ಕೈದು ನಿಮಿಷ ಬೇಕು. ನಮ್ಮ ಫಿಲ್ಟರಿನ ತಮ್ಮನೇ ಇದು, ಆದರೆ ಅಣ್ಣನಷ್ಟು ಸಂಕೋಚ ಇಲ್ಲ. ನಮ್ಮದು ರಾತ್ರಿಯೆಲ್ಲ ಮುಚ್ಚಿದ ಬಾಗಿಲ ಹಿಂದೆ ಡಿಕಾಕ್ಷನ್ ಇಳಿಸುತ್ತದೆ. ಇದು ನಿಮ್ಮ ಕಣ್ಣೆದುರೇ ತೊಟ್ಟಿಕ್ಕುತ್ತದೆ. ಆಮೇಲೆ ಕಲಕಿ, ಐಸ್ ತುಂಬಿದ ಲೋಟಕ್ಕೆ ಸುರಿಯಬೇಕು. 25,000 ಡಾಂಗ್. ಗಾಬರಿಯಾಗಬೇಡಿ, 85 ರೂಪಾಯಿ ಆಸುಪಾಸು.

ಪುಡಿ ಕಪ್ಪಗೆ ಹುರಿದದ್ದು. ಹುರಿಯುವಾಗ ಬೆಣ್ಣೆ ಹಾಕುವ ರೂಢಿ ಇದೆ. ಮೊದಲ ಗುಟುಕಿಗೇ ಗೊತ್ತಾಗುತ್ತದೆ, ಇದು ರೋಬಸ್ಟಾ, ಬರೀ ರೋಬಸ್ಟಾ, ಅದಕ್ಕೆ ನಾಚಿಕೆಯೇ ಇಲ್ಲ. ನಮ್ಮಲ್ಲಿ ಅರೇಬಿಕಾ ತೋಟದವರು ರೋಬಸ್ಟಾ ಬಗ್ಗೆ ಮಾತಾಡುವ ಧಾಟಿ ಗೊತ್ತಲ್ಲ? ಚಿಕೋರಿ ಜೊತೆಗೆ ಬೆರೆಸಲು, ಇನ್‌ಸ್ಟಂಟ್ ಮಾಡಲು ಆಗುವ ಕಾಫಿ ಅಂತ. ನಮ್ಮ ಮನೆಯಲ್ಲೇ ನೆಂಟರು ಬಂದರೆ ಅರೇಬಿಕಾ ಪುಡಿ ತರಿಸುತ್ತಿದ್ದರು, ಎಂಟು ಎಕರೆ ರೋಬಸ್ಟಾ ಬೆಳೆದವರು! ಇಲ್ಲಿ ಪೇಟೆಯ ಬೋರ್ಡುಗಳಲ್ಲೆಲ್ಲ ರೋಬಸ್ಟಾ ಅಂತ ದೊಡ್ಡದಾಗಿ ಬರೆದಿರುತ್ತದೆ. ಎರಡು ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ಕಾಫಿ ಹಬ್ಬ ಮಾಡುತ್ತಾರೆ. 2025ರ ಹಬ್ಬದ ಜೊತೆಗೆ ಇನ್ನೊಂದೂ ಸೇರಿತು. 1975ರ ಮಾರ್ಚ್ 10, 11ರಂದು ಉತ್ತರ ವಿಯೆಟ್ನಾಂ ಸೇನೆ ಈ ಊರನ್ನು ಹಿಡಿದು 50 ವರ್ಷ. ಅದಾಗಿ ಎರಡು ತಿಂಗಳೊಳಗೆ ದಕ್ಷಿಣದ ರಾಜಧಾನಿ ಸೈಗಾನ್ ಬಿದ್ದಿತ್ತು. ಆರು ರಸ್ತೆ ಕೂಡುವ ಪೇಟೆಯ ವೃತ್ತದಲ್ಲಿ ಆ ನೆನಪಿಗೆ ಒಂದು ಟ್ಯಾಂಕ್ ನಿಲ್ಲಿಸಿದ್ದಾರೆ. ಟ್ಯಾಂಕಿನ ಸುತ್ತ ಸಾವಿರ ಸ್ಕೂಟರ್, ಕೈಯಲ್ಲಿ ಪ್ಲಾಸ್ಟಿಕ್ ಲೋಟದ ಕಾಫಿ.

ಕಾಫಿ ಮುಗಿದರೂ ಎದ್ದು ಹೋಗಿ ಅನ್ನುವವರಿಲ್ಲ. ಲೋಟ ಖಾಲಿಯಾದರೆ 'ಚಾ ಡಾ' ತಂದಿಡುತ್ತಾರೆ, ಐಸ್ ಹಾಕಿದ ತಿಳಿ ಚಹಾ. ಅದಕ್ಕೆ ದುಡ್ಡಿಲ್ಲ. ಬೆಂಗಳೂರಿನ ಕೆಫೆಗಳಲ್ಲಿ ಒಂದು ಕಾಫಿಗೆ ಎರಡು ಗಂಟೆ ಕೂತರೆ ವೇಟರ್ ಬಂದು ಮೂರು ಸಲ ಮೇಜು ಒರೆಸುತ್ತಾನೆ. ಇಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆವರೆಗೆ ಎರಡು ಕಾಫಿಗೆ ಕೂತಿದ್ದೇನೆ. ನನಗೇ ನಾಚಿಕೆಯಾಗಿ ಸೂರ್ಯಕಾಂತಿ ಬೀಜದ ತಟ್ಟೆಯೊಂದನ್ನು ತರಿಸುತ್ತೇನೆ.

ತೊಂದರೆ ಇಲ್ಲವೆಂದಲ್ಲ. ಕುರ್ಚಿಗಳು ಕುಳ್ಳು. ಮೊಣಕಾಲು ಎದೆಗೆ ಬರುತ್ತದೆ, ಕತ್ತು ಹಿಡಿಯುತ್ತದೆ. ಮಧ್ಯಾಹ್ನ ಎರಡರ ನಂತರ ಬಿಸಿಲು ಸ್ಕ್ರೀನಿಗೆ ನೇರ ಹೊಡೆಯುತ್ತದೆ. ಕೀಬೋರ್ಡಿನ ಸಂದಿಗೆ ಇರುವೆ ನುಗ್ಗುತ್ತವೆ, ಹಾಲಿನ ಹನಿ ಬಿದ್ದರಂತೂ ಮುಗಿಯಿತು. ಆದರೆ ಇವೆಲ್ಲವನ್ನೂ ಮೀರಿಸಿದ್ದು ಕ್ಯಾರಿಯೋಕೆ. ಇಂಗ್ಲೆಂಡಿನ ಗ್ರಾಹಕರ ಜೊತೆಗಿನ ಕರೆ ಅವರ ಬೆಳಿಗ್ಗೆ ಒಂಬತ್ತೂವರೆಗೆ, ಅಂದರೆ ನನಗೆ ಸಂಜೆ ನಾಲ್ಕೂವರೆಗೆ. ಒಂದು ಶುಕ್ರವಾರ ನಾನು ಅವರಿಗೆ ಪಾಸ್‌ವರ್ಡ್ ಬದಲಿಸುವ ಪುಟ ವಿವರಿಸುತ್ತಿದ್ದೆ. ಬೇಲಿಯಾಚೆಯ ಮನೆಯಲ್ಲಿ ಯಾರೋ ಆಳೆತ್ತರದ ಸ್ಪೀಕರ್ ಹೊರಗೆಳೆದು, ಎದೆ ಬಿರಿಯುವ ಹಾಗೆ ಒಂದು ವಿರಹಗೀತೆ ಹಿಡಿದರು. ಮ್ಯೂಟ್ ಮಾಡುವ ಹೊತ್ತಿಗೆ ಪಲ್ಲವಿ ಮುಗಿದಿತ್ತು. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಒಬ್ಬರು, ಹಾಡಿದವರು ನಿಮ್ಮ ಟೀಮಿನವರೇ ಅಂತ ಕೇಳಿದರು.

ಬೆಳಗಿನ ಹೊತ್ತೇ ಚೆನ್ನ. ಏಳು ಗಂಟೆಗೆ ಪಿಂಚಣಿ ವಯಸ್ಸಿನ ನಾಲ್ಕೈದು ಮಂದಿ ಪಂಜರ ಹಿಡಿದು ಬರುತ್ತಾರೆ. ಪಂಜರಗಳನ್ನು ಮಾವಿನ ಕೊಂಬೆಗೆ ನೇತುಹಾಕಿ, ಕಾಫಿ ತರಿಸಿ, ಯಾರ ಹಕ್ಕಿ ಚೆನ್ನಾಗಿ ಕೂಗುತ್ತದೆ ಅಂತ ಕೇಳುತ್ತಾ ಕೂರುತ್ತಾರೆ. 'ಚಾವ್ ಮಾವ್' ಅನ್ನುತ್ತಾರೆ ಅದಕ್ಕೆ. ಹತ್ತಿರ ಹೋಗಿ ನೋಡಿದರೆ ನಮ್ಮ ಕೆಮ್ಮೀಸೆ ಪಿಕಳಾರ! ಅದೇ ಚೂಪು ಜುಟ್ಟು, ಕೆನ್ನೆಯ ಮೇಲೆ ಅದೇ ಕೆಂಪು ಚುಕ್ಕೆ. ನಮ್ಮ ಅಡುಗೆಮನೆ ಕಿಟಕಿಯ ಪಕ್ಕದ ಗಿಡದಲ್ಲಿ ವರ್ಷವಿಡೀ ಗಲಾಟೆ ಮಾಡುವ ಹಕ್ಕಿ. ಪಂಜರದಲ್ಲಿ ಅದನ್ನು ನೋಡಲು ನನಗೆ ಇಷ್ಟವಾಗಲಿಲ್ಲ, ಈಗಲೂ ಆಗುವುದಿಲ್ಲ. ಆದರೆ ಒಂದು ಬೆಳಿಗ್ಗೆ ಅಮ್ಮನ ಫೋನ್ ಬಂದಾಗ ಅವು ಕೂಗುತ್ತಿದ್ದವು. ಅಮ್ಮ ಮಾತು ನಿಲ್ಲಿಸಿ, 'ಏನೇ, ಊರಿಗೆ ಬಂದಿದೀಯಾ? ಎಲ್ಲಿದೀಯಾ, ಗೇಟಲ್ಲಾ?' ಅಂದರು. ಬಾಗಿಲು ತೆಗೆದ ಸದ್ದೂ ಕೇಳಿಸಿತು.

ಅಪ್ಪ ಮಾತ್ರ ಇಂಥದ್ದಕ್ಕೆಲ್ಲ ಬೀಳುವವರಲ್ಲ. ಅವರು ದಿನಾ ಹನ್ನೊಂದೂ ಇಪ್ಪತ್ತಕ್ಕೆ, ನನ್ನ ಮೀಟಿಂಗಿಗೆ ಹತ್ತು ನಿಮಿಷ ಮುಂಚೆ ಫೋನ್ ಮಾಡುತ್ತಾರೆ. ಊಟ ಆಯ್ತಾ, ಆರೋಗ್ಯ ಹೇಗಿದೆ, ಯಾವುದೂ ಇಲ್ಲ.

'ಮಳೆ ಬಂತಾ ಅಲ್ಲಿ?'

'ಇಲ್ಲ ಅಪ್ಪ.'

'ಮೋಡ?'

'ಮೋಡಾನೂ ಇಲ್ಲ.'

'ಸರಿ ಹಂಗಾದ್ರೆ.' ಫೋನ್ ಕಟ್.

ಮನೆಯ ಸ್ಟೋರಿನಲ್ಲಿ ನಲವತ್ತು ಮೂಟೆ ಚೆರ್ರಿ ಕೂತಿದೆ. ದರ ಇನ್ನೂ ಏರುತ್ತದೆ ಅಂತ ಅಪ್ಪ ಕಾಯುತ್ತಿದ್ದಾರೆ. ಮೂಡಿಗೆರೆಯಲ್ಲಿ ಕಾಫಿ ದರದ ಮೆಸೇಜು ಎಲ್ಲರಿಗೂ ಬರುತ್ತದೆ. ಆದರೆ ವಿಯೆಟ್ನಾಂನಲ್ಲಿ ಸ್ವಂತ ಮಗಳನ್ನು ಇಟ್ಟಿರುವ ಪ್ಲಾಂಟರ್ ಇಡೀ ತಾಲ್ಲೂಕಿಗೆ ಅಪ್ಪ ಒಬ್ಬರೇ. ಟೌನಿನಲ್ಲಿ ಅವರ ಗತ್ತೇ ಬೇರೆ ಆಗಿದೆಯಂತೆ. ಅಮ್ಮ ಹೇಳಿದ್ದು.

ಮಾರ್ಚ್‌ನ ಒಂದು ಭಾನುವಾರ ಕೋ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರ ತಮ್ಮನ ತೋಟಕ್ಕೆ ಕರೆದುಕೊಂಡು ಹೋದರು. ಊರಿನಿಂದ ಅರ್ಧ ಗಂಟೆ. ಅವರನ್ನು ನಾನು 'ಚೂ' ಅನ್ನಬೇಕು, ಚಿಕ್ಕಪ್ಪ. ತೋಟ ಒಂದೂವರೆ ಹೆಕ್ಟೇರು. ತಿರುವಿನಲ್ಲೇ ವಾಸನೆ ಬಂತು. ನೀರು ಬಿಟ್ಟು ಒಂದು ವಾರವಾಗಿತ್ತು, ಹೂ ಅರಳಿತ್ತು. ಆ ವಾಸನೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಮಲ್ಲಿಗೆಯ ಹಾಗೆ ಅಂತ ಹೇಳುತ್ತೇವೆ, ಆದರೆ ಅದು ಮಲ್ಲಿಗೆಯಲ್ಲ.

ಕಣ್ಣಿಗೆ ಮಾತ್ರ ಅದು ಕಾಫಿ ತೋಟವೇ ಅನ್ನಿಸಲಿಲ್ಲ. ನೆರಳೇ ಇಲ್ಲ! ನಮ್ಮಲ್ಲಿ ತೋಟ ಅಂದರೆ ಮೇಲೆ ಕಾಡು, ಕೆಳಗೆ ಕಾಫಿ. ಅತ್ತಿ, ಹಲಸು, ಹಾಲುವಾಣ, ಸಿಲ್ವರ್ ಓಕ್. ಇಲ್ಲಿ ಗಿಡಗಳು ಬಟ್ಟಬಯಲಲ್ಲಿ ಸಾಲಾಗಿ ನಿಂತಿವೆ, ಶಾಲೆಯ ಡ್ರಿಲ್ಲಿನ ಹಾಗೆ. ಪ್ರತಿ ಗಿಡದ ಬುಡಕ್ಕೂ ತಟ್ಟೆಯಂಥ ಪಾತಿ. ಬಾವಿಯಿಂದ ಪಂಪ್ ಮಾಡಿ, ಉದ್ದನೆಯ ಪೈಪ್ ಎಳೆದು ಒಂದೊಂದೇ ಪಾತಿ ತುಂಬಿಸುತ್ತಾರೆ. ಬೇಸಿಗೆಯಲ್ಲಿ ಮೂರು ಸುತ್ತು. ಬಾವಿ ವರ್ಷ ವರ್ಷ ಆಳಕ್ಕೆ ಹೋಗುತ್ತಿದೆ ಅಂತ ಚೂ ಕೈಯಲ್ಲಿ ಅಳತೆ ತೋರಿಸಿದರು. ಕೈ ಸಾಲದೆ ಕೂತು ನೆಲ ಮುಟ್ಟಿದರು.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

ಅಪ್ಪ ನನ್ನ ಮುಖ ನೋಡಲೇ ಇಲ್ಲ. 'ಕೆಳಗೆ ತಿರುಗಿಸು. ಎಲೆ ತೋರಿಸು. ಎಲೆ ಹಿಂಭಾಗ. ಮಣ್ಣು ಹಿಡಿ ಸ್ವಲ್ಪ. ರೆಕ್ಕೆ ತೋರಿಸು.' ರೆಕ್ಕೆ ಅಂದರೆ ನಮ್ಮಲ್ಲಿ ಗಿಡದ ಕೊಂಬೆ. ಹದಿನೈದು ನಿಮಿಷ ನಾನು ಬರೀ ಕ್ಯಾಮೆರಾ ಸ್ಟ್ಯಾಂಡು. ಆಮೇಲೆ ಅನುವಾದದ ಆ್ಯಪ್ ಇನ್ನೊಂದು ಫೋನಿನಲ್ಲಿ ತೆರೆದೆವು. ಅಪ್ಪ ಅವರ ಕಡೆ 'ಹೂಮಳೆ ಆಯ್ತಾ ಕೇಳು' ಅಂದರು. ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ. ಆ್ಯಪ್ ಅದನ್ನು ಏನು ಮಾಡಿತೋ, ಚೂ ತಲೆ ಎತ್ತಿ ಆಕಾಶದಲ್ಲಿ ಹೂವು ಹುಡುಕಿದರು. ಅಂಕಿಗಳಿಗೆ ಬಂದಾಗ ಆ್ಯಪ್ ಬೇಕಾಗಲಿಲ್ಲ. ಚೂ ಮೂರು ಬೆರಳು ತೋರಿಸಿದರು. ಹೆಕ್ಟೇರಿಗೆ ಮೂರು ಟನ್ ಕ್ಲೀನ್ ಕಾಫಿ, ಅಂದರೆ ಸಿಪ್ಪೆ ತೆಗೆದ ಬೀಜ. ಅಪ್ಪ ಮನಸ್ಸಿನಲ್ಲೇ ಎಕರೆಗೆ ಇಳಿಸಿದರು. ಸಾವಿರದಿನ್ನೂರು ಕಿಲೋ. ನಮ್ಮದು ಒಳ್ಳೆಯ ವರ್ಷದಲ್ಲಿ ಐನೂರೈವತ್ತು.

ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಇಪ್ಪತ್ತೈದು ವರ್ಷದ ಸಿಟ್ಟಿಗೆ ಆ ಮೂರು ಬೆರಳು ಸಾಕಾಯಿತು ಅಂತ ಕಾಣುತ್ತದೆ. ಆಮೇಲೆ, 'ಭಾರಿ ಕೆಲಸ ಮಾಡ್ತಾರೆ ಮಾರಾಯ್ತಿ' ಅಂದರು. ಅದು ಆ್ಯಪ್‌ಗೆ ಹೇಳಿದ್ದಲ್ಲ.

ಚೂ ಆಗ ಕಾಫಿ ಸಾಲಿನ ನಡುವೆ ನೆಟ್ಟ ಒಂದು ಗಿಡ ತೋರಿಸಿದರು. ಎಲೆಯ ಮೇಲುಭಾಗ ಹಸಿರು, ಕೆಳಗೆ ಕಂಚಿನ ಬಣ್ಣ. ದುರಿಯನ್ ಹಣ್ಣಿನ ಗಿಡ. ಚೀನಾಕ್ಕೆ ಹೋಗುತ್ತದೆ, ಕಾಫಿಗಿಂತ ಜಾಸ್ತಿ ದುಡ್ಡು. ಪಕ್ಕದವರು ಕಾಫಿ ಕಿತ್ತು ಪೂರ್ತಿ ದುರಿಯನ್ ಹಾಕಿದ್ದಾರೆ. ಇದನ್ನು ನಾನು ಅಪ್ಪನಿಗೆ ಹೇಳಿದ್ದೇ ತಡ, ಅವರು ಎದ್ದು ನಿಂತರು. ಪರದೆಯಲ್ಲಿ ಅವರ ಹೊಟ್ಟೆ ಮಾತ್ರ ಕಾಣುತ್ತಿತ್ತು.

'ಕಾಫಿ ಕೀಳ್ತಿದಾರಾ? ಎಷ್ಟು ಎಕರೆ? ಒಬ್ರೇನಾ, ಎಲ್ಲರೂನಾ? ಇವರಿಗೂ ಹೇಳು, ದುರಿಯನ್ನೇ ಒಳ್ಳೇದು ಅಂತ ಹೇಳು!'

ಅದನ್ನು ನಾನು ಅನುವಾದಿಸಲಿಲ್ಲ.

ವಾಪಸ್ ಬರುವಾಗ ಕೋ ಊರಿನ ಹೆಸರಿನ ಕತೆ ಹೇಳಿದರು. ಇದು ಮೂಲದಲ್ಲಿ ಎಡೆ ಜನರ ನೆಲ. ಉದ್ದುದ್ದ ಮನೆ ಕಟ್ಟಿಕೊಂಡು ಇರುವವರು, ಆಸ್ತಿ ಹೆಣ್ಣುಮಕ್ಕಳಿಗೆ. ಅವರ ಮಾತಿನಲ್ಲಿ 'ಬುಒನ್' ಅಂದರೆ ಹಳ್ಳಿ, 'ಅಮಾ' ಅಂದರೆ ಅಪ್ಪ. ಅಮಾ ಥುಒಟ್ ಅಂದರೆ ಥುಒಟ್‌ನ ಅಪ್ಪ. ಇಡೀ ಊರಿನ ಹೆಸರೇ 'ಥುಒಟ್‌ನ ಅಪ್ಪನ ಹಳ್ಳಿ'. ನಮ್ಮೂರಲ್ಲೂ ಅಪ್ಪನನ್ನು ಹೆಂಗಸರು ನನ್ನ ಹೆಸರು ಸೇರಿಸಿ, ಇಂಥವಳ ಅಪ್ಪ ಅಂತಲೇ ಕರೆಯುವುದು. ಅವರ ಸ್ವಂತ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಮಳೆ ಬಂದದ್ದು ಅದಾಗಿ ಒಂಬತ್ತನೇ ದಿನ. ಬೆಳಿಗ್ಗೆಯಿಂದ ಸೆಕೆ. ಪಂಜರದ ತಾತಂದಿರು ಬೇಗ ಎದ್ದು ಹೋದರು. ಹನ್ನೊಂದು ಗಂಟೆಗೆ ಹಲಸಿನ ಎಲೆ ಒಮ್ಮೆಲೇ ಮಗುಚಿದವು. ದಪ್ಪ ಹನಿ, ಮೊದಲು ಒಂದೊಂದು, ಆಮೇಲೆ ಧೋ ಅಂತ. ಗಲ್ಲಾದ ಹುಡುಗ ಟಾರ್ಪಾಲ್ ಎಳೆದ. ನಾನು ಲ್ಯಾಪ್‌ಟಾಪನ್ನು ಹೊಟ್ಟೆಗೆ ಅಪ್ಪಿಕೊಂಡು ಶೀಟಿನ ಕೆಳಗೆ ಓಡಿದೆ. ತಗಡಿನ ಮೇಲೆ ಆ ಸದ್ದು! ಮಣ್ಣಿನ ವಾಸನೆ! ಕೋ ಬಾಗಿಲಲ್ಲಿ ನಿಂತು ತಮ್ಮನಿಗೆ ಫೋನ್ ಮಾಡಿ ನಗುತ್ತಿದ್ದರು. ಒಂದು ಸುತ್ತಿನ ನೀರಿನ ಖರ್ಚು ಉಳಿಯಿತು ಅವರಿಗೆ.

ಹನ್ನೊಂದೂ ಇಪ್ಪತ್ತಕ್ಕೆ ನನ್ನ ಫೋನ್.

'ಅದೇನು ಸದ್ದು?'

ಮೀನಿನ ಕೊಳದ ನೀರು ಅಂತ ಹೇಳಿಬಿಡಬಹುದಿತ್ತು. ಬೆಂಗಳೂರಿನವರೆಲ್ಲ ನಂಬುತ್ತಿದ್ದರು. ನಲವತ್ತು ಮೂಟೆ ನೆನಪಾಯಿತು. ತೋಟದಲ್ಲಿ ಕೂತು ನೆಲ ಮುಟ್ಟಿದ ಚೂ ಕೈಯೂ ನೆನಪಾಯಿತು.

'ಮಳೆ ಅಪ್ಪ.'

ಆ ಕಡೆ ಸದ್ದಿಲ್ಲ. ಬೈಯುತ್ತಾರೇನೋ ಅಂದುಕೊಂಡೆ.

'ಎಷ್ಟು ಸೆಂಟ್ಸ್?'

ನಮ್ಮ ಕಡೆ ಮಳೆ ಲೆಕ್ಕ ಇಂಚು, ಸೆಂಟ್ಸ್‌ನಲ್ಲಿ. ನೂರು ಸೆಂಟ್ಸ್ ಒಂದು ಇಂಚು. ಅಪ್ಪನ ಹತ್ತಿರ ಮೂವತ್ತು ವರ್ಷದ ಮಳೆ ಲೆಕ್ಕದ ಡೈರಿ ಇದೆ.

'ನನಗೆ ಹೇಗೆ ಗೊತ್ತಾಗಬೇಕು ಅಪ್ಪ?'

'ಒಂದು ಗ್ಲಾಸ್ ಇಡು. ಬಾಯಿ, ತಳ ಒಂದೇ ಅಗಲ ಇರ್ಬೇಕು. ಮರದ ಕೆಳಗೆ ಇಡಬೇಡ, ಎಲೆ ನೀರು ಬೀಳುತ್ತೆ. ಬಯಲಲ್ಲಿಡು. ಶುರುವಾಗಿ ಎಷ್ಟೊತ್ತಾಯ್ತು? ಇಪ್ಪತ್ತು ನಿಮಿಷನಾ? ಛೆ, ಅದನ್ನ ಅಂದಾಜಲ್ಲಿ ಸೇರಿಸಿಕೊಳ್ತೀನಿ.'

ಚಾ ಡಾದ ನೇರ ಲೋಟವೊಂದನ್ನು ಖಾಲಿ ಮಾಡಿ, ತಲೆಯ ಮೇಲೆ ಟ್ರೇ ಹಿಡಿದುಕೊಂಡು ಅಂಗಳದ ನಡುವೆ ಇಟ್ಟು ಬಂದೆ. ಮೀಟಿಂಗಿಗೆ ಆರು ನಿಮಿಷ ತಡವಾಯಿತು. ಅವತ್ತು ಯಾರೂ ಮಲಗಿರಲಿಲ್ಲ, ತಗಡಿನ ಸದ್ದಿಗೆ ಪಿಸುಗುಟ್ಟುವ ಅಗತ್ಯವೂ ಇರಲಿಲ್ಲ. ನಾನು ಕೂಗಿ ಕೂಗಿ ಸೇವ್ ಬಟನ್ ಬಗ್ಗೆ ಹೇಳುತ್ತಿದ್ದಾಗ, ಕೋ ಮಳೆಯಲ್ಲೇ ಅಂಗಳಕ್ಕೆ ಇಳಿದು, ಯಾರೋ ಮರೆತು ಬಿಟ್ಟ ಲೋಟ ಅಂದುಕೊಂಡು ಅದನ್ನು ಎತ್ತಿಕೊಂಡರು.

'ಕೋ ಓಯ್!' ಅಂತ ಕಿರುಚಿದೆ. ಮ್ಯೂಟ್ ಮಾಡಿರಲಿಲ್ಲ.